ಖಾಲಿ ಬಂದ ವರದಿ ಕಲಿಸಿದ ವಿನ್ಯಾಸ

ಡೇಟಾಬೇಸ್ ವಿನ್ಯಾಸದ ತರಬೇತಿಯಲ್ಲಿ ನಾನು ಬಳಸಿದ ಯಾವ ಟೇಬಲ್‌ನಲ್ಲಿಯೂ 20 ಸಾಲುಗಳಿಗಿಂತ ಹೆಚ್ಚು ಇರಲಿಲ್ಲ, ಆ ಸಾಲುಗಳಲ್ಲಿ ಒಂದು ಕಾಲಂ ಕೂಡ ಖಾಲಿ ಇರುತ್ತಿರಲಿಲ್ಲ. ನಾರ್ಮಲೈಸೇಶನ್, ಪ್ರೈಮರಿ ಕೀ, ಜಾಯಿನ್‌ನಂಥ ಮೂಲ ಪಾಠಗಳೆಲ್ಲವನ್ನೂ ಅಲ್ಲಿ ಚೆನ್ನಾಗಿಯೇ ಕಲಿಸಿದರು. ಕೊರತೆ ಇದ್ದದ್ದು ಪಾಠದಲ್ಲಲ್ಲ, ಅಭ್ಯಾಸಕ್ಕೆ ಕೊಟ್ಟ ದತ್ತಾಂಶದಲ್ಲಿ.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಮಾರಾಟದ ಅಪ್ಲಿಕೇಶನ್ ಒಂದಕ್ಕೆ ಆರ್ಡರ್ ಟೇಬಲ್ ರೂಪಿಸುವ ಹೊಣೆ ನನ್ನ ಪಾಲಿಗೆ ಬಂತು. ಗ್ರಾಹಕರ ಸಂಖ್ಯೆಯ ಕಾಲಂಗೆ ‘ನಾಟ್ ನಲ್’ (ಖಾಲಿ ಬಿಡುವಂತಿಲ್ಲ) ಎಂಬ ನಿರ್ಬಂಧವನ್ನು ನಾನು ಹಾಕಲಿಲ್ಲ; ಹಾಕದಿದ್ದರೆ ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್ ಆ ಕಾಲಂ ಖಾಲಿ ಇರಲು ಬಿಡುತ್ತದೆ ಎಂಬುದು ತಿಳಿದಿದ್ದರೂ ಅದರ ಪರಿಣಾಮದ ಕಡೆಗೆ ಗಮನ ಹೋಗಿರಲಿಲ್ಲ. ಕೆಲವು ತಿಂಗಳ ನಂತರ, ಒಮ್ಮೆಯೂ ಆರ್ಡರ್ ಮಾಡದ ಗ್ರಾಹಕರ ಪಟ್ಟಿಯನ್ನು ಕೇಳಿದರು. ಆರ್ಡರ್ ಟೇಬಲ್‌ನ ಗ್ರಾಹಕ ಸಂಖ್ಯೆಗಳ ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಲು ‘ನಾಟ್ ಇನ್’ ಬಳಸಿ ಬರೆದ ನನ್ನ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಯಾವ ದೋಷವನ್ನೂ ತೋರಿಸದೆ ಓಡಿತು, ಆದರೆ ಒಂದು ಸಾಲೂ ಬರಲಿಲ್ಲ. ಎಲ್ಲರೂ ಆರ್ಡರ್ ಮಾಡಿದ್ದಾರೆಂದು ನಂಬಿ ನಾನು ಆ ಖಾಲಿ ವರದಿಯನ್ನೇ ಕಳುಹಿಸಿಬಿಟ್ಟೆ.

ನಡೆದದ್ದು ಇಷ್ಟು. ಖಾತೆ ತೆರೆಯದೆ ಖರೀದಿಸಿದವರ ಆರ್ಡರ್‌ಗಳಲ್ಲಿ ಗ್ರಾಹಕರ ಸಂಖ್ಯೆ ನಲ್ (ಏನೂ ತುಂಬದ, ಮೌಲ್ಯ ತಿಳಿಯದ ಜಾಗ) ಆಗಿತ್ತು. ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ‘ಈ ಸಂಖ್ಯೆ ಪಟ್ಟಿಯಲ್ಲಿ ಇಲ್ಲವೇ’ ಎಂಬ ಪ್ರಶ್ನೆಗೆ ಎಸ್‌ಕ್ಯೂಎಲ್ ‘ಹೌದು’ ಎನ್ನಲಾರದು. ಆ ನಲ್ ಇದೇ ಸಂಖ್ಯೆಯಾಗಿರಬಹುದಲ್ಲ! ಉತ್ತರ ‘ತಿಳಿಯದು’ ಎಂದಾದ ಸಾಲುಗಳನ್ನು, ಕ್ವೆರಿಯಲ್ಲಿ ಸಾಲುಗಳನ್ನು ಆರಿಸುವ ವೇರ್ ಷರತ್ತು ಕೈಬಿಡುತ್ತದೆ. ಹೊಂದುವ ಸಾಲು ಇಲ್ಲವೇ ಎಂದಷ್ಟೇ ನೋಡುವ ‘ನಾಟ್ ಎಕ್ಸಿಸ್ಟ್ಸ್’ ಬಳಸಿ ಕ್ವೆರಿಯನ್ನು ತಿದ್ದಲು ಐದು ನಿಮಿಷ ಸಾಕಾಯಿತು, ತಪ್ಪು ವರದಿ ಏಕೆ ಹೋಯಿತೆಂದು ವಿವರಿಸಲು ಇಡೀ ಮಧ್ಯಾಹ್ನ ಬೇಕಾಯಿತು.

ವೇಗದ ವಿಷಯವೂ ಇದೇ. 20 ಸಾಲುಗಳಲ್ಲಿ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣದು. ದಿನಾಂಕದ ಕಾಲಂ ಮೇಲೆ ವರ್ಷ ತೆಗೆಯುವ ಫಂಕ್ಷನ್ ಹಾಕಿ ಹುಡುಕಿದರೆ ಆ ಕಾಲಂನ ಸಾಮಾನ್ಯ ಇಂಡೆಕ್ಸ್ ಬಹುತೇಕ ನಿರುಪಯುಕ್ತವಾಗುತ್ತದೆ ಎಂಬುದು ಲಕ್ಷಗಟ್ಟಲೆ ಸಾಲುಗಳ ಮುಂದೆ ನಿಂತಾಗಲೇ ಅನುಭವಕ್ಕೆ ಬರುತ್ತದೆ. ದತ್ತಾಂಶವನ್ನು ಒಳಗೆ ಹೇಗೆ ಜೋಡಿಸಲಾಗಿದೆ ಎಂಬ ಚಿಂತೆ ಬಳಕೆದಾರರಿಗೆ ಇರಬಾರದೆಂದು ಟೇಬಲ್ ಆಧಾರಿತ (ರಿಲೇಶನಲ್) ಡೇಟಾಬೇಸ್ ಮಾದರಿಯನ್ನು ರೂಪಿಸಿದ ಇ. ಎಫ್. ಕಾಡ್ 1970ರಲ್ಲಿಯೇ ವಾದಿಸಿದ್ದರು. ಆ ವಿನಾಯಿತಿ ಅಪ್ಲಿಕೇಶನ್ ಬರೆಯುವ ನಮಗೆ ಪೂರ್ತಿಯಾಗಿ ದಕ್ಕಿಲ್ಲ.

ಈಗ ಹೊಸಬರಿಗೆ ಕಲಿಸುವ ಸರದಿ ನನ್ನದು. ಮೊದಲ ವಾರ ಕಂಪ್ಯೂಟರ್ ಮುಟ್ಟಿಸದೆ ಕಾಗದದ ಮೇಲೆ ಟೇಬಲ್ ಬರೆಸಿ, ಪ್ರತಿ ಕಾಲಂ ಖಾಲಿ ಇರಬಹುದೇ, ಇದ್ದರೆ ಅದರ ಅರ್ಥವೇನು ಎಂದು ಅದರ ಪಕ್ಕದಲ್ಲಿಯೇ ಬರೆಸುತ್ತೇನೆ. ಬಳಿಕ ಅದೇ ಟೇಬಲ್‌ಗೆ ಸ್ಕ್ರಿಪ್ಟ್ ಮೂಲಕ 10 ಲಕ್ಷ ಸಾಲುಗಳನ್ನು ತುಂಬಿ, ನಡುನಡುವೆ ನಲ್‌ಗಳನ್ನು ಬೇಕೆಂದೇ ಸೇರಿಸಿ, ಎಲ್ಲಿ ಸೇರಿಸಿದ್ದೇನೆಂದು ಹೇಳದೆ ಕೊಡುತ್ತೇನೆ.