ಮಾವನ ಚಮಚ
26 ಮೇ 2025, ಡೊಂಬಿವಲಿ

ಮಳೆಗೆ ಜೂನ್ 11ರ ಲೆಕ್ಕ ಹಾಕಿಕೊಂಡಿದ್ದೆ. ಮುಂಗಾರು 16 ದಿನ ಮೊದಲೇ ಇವತ್ತು ಮುಂಬಯಿಗೆ ಬಂದುಬಿಟ್ಟಿತು. ಸ್ಟೇಷನ್ನಿನಿಂದ ನೆನೆದುಕೊಂಡು ಬಂದವಳು ಸೀದಾ ಕಿಟಕಿಯ ಗ್ರಿಲ್ಲಿಗೆ ಓಡಿದೆ. ಮಾವ ಆಗಲೇ ನನ್ನ ಕಳ್ಳಿಗಿಡದ ಕುಂಡಗಳನ್ನೆಲ್ಲ ಒಳಗೆ ತಂದು, ಹಳೇ ಪೇಪರ್ ಹಾಸಿ ಸಾಲಾಗಿ ಇಟ್ಟಿದ್ದಾರೆ. ಅವರ ಹೆಬ್ಬೆರಳಿನಲ್ಲಿ ಮುಳ್ಳು. ಆ ಮ್ಯಾಮಿಲೇರಿಯಾ ಕಳ್ಳಿಯ ಮುಳ್ಳಿನ ತುದಿ ಗಾಳದ ಹಾಗೆ ಬಾಗಿರುತ್ತೆ, ಎಳೆದರೆ ಚರ್ಮವೂ ಜೊತೆಗೇ ಬರುತ್ತೆ. ಚಿಮಟ ಹಿಡಿದು ಕೂತೆ.

ಆಗ ಬಾಯಿಬಿಟ್ಟರು. "ದಿನಾ ಬೆಳಿಗ್ಗೆ ಒಂದೊಂದು ಚಮಚ ನೀರು ಹಾಕ್ತಿದ್ದೆ. ನಿನಗೆ ನೆನಪೇ ಇರೂದಿಲ್ಲ."

ಎರಡು ತಿಂಗಳಲ್ಲಿ ಮೂರು ಗಿಡ ಕೊಳೆತಿವೆ. ನೋಡಲಿಕ್ಕೆ ಹಸಿರು, ಬುಡ ಒತ್ತಿದರೆ ಕಳಿತ ಚಿಕ್ಕುವಿನ ಹಾಗೆ ಪಿಚಕ್. ನಾನು ಕುಂಡದ ಕೋಕೋಪೀಟನ್ನು, ಅಂದರೆ ತೆಂಗಿನ ನಾರಿನ ಪುಡಿಯನ್ನು ಬೈದೆ, ನೀರು ಬಸಿಯಲಿ ಅಂತ ಪ್ಯೂಮಿಸ್ ಕಲ್ಲು ತಂದು ಸುರಿದೆ, ನರ್ಸರಿಯವನ ಹತ್ತಿರ ಜಗಳವಾಡಿದೆ. ಇಲ್ಲಿ ನೋಡಿದರೆ ಚಮಚ!

"ಮಣ್ಣು ಪೂರ್ತಿ ಒಣಗಿದ ಮೇಲೇ ನೀರು ಹಾಕಬೇಕು, ಮಾವ. ಕಳ್ಳಿ ಅಲ್ವಾ."

"ಬೇಲಿಯ ಕಳ್ಳಿಗೆ ನಾವೂ ನೀರು ಹಾಕ್ಲಿಲ್ಲ. ಇದು ಮನೆಯೊಳಗೆ ಬಂದದ್ದಲ್ವಾ?"

ಏನು ಹೇಳಲಿ. ಪುತ್ತೂರಿನ ತೋಟ ಮಾರಿ ಬಂದು ಎಂಟು ತಿಂಗಳು. ಅಡಿಕೆಗೆ ನೀರು ಬಿಡುತ್ತಿದ್ದ ಕೈ ಅದು.

ಅವರ ಚಮಚವನ್ನೂ ತಡೆದುಕೊಂಡದ್ದು ಎಖಿನೊಪ್ಸಿಸ್ ಅನ್ನುವ ಕಳ್ಳಿ ಒಂದೇ. ವಾರದ ಹಿಂದೆ ಪಕ್ಕೆಯಲ್ಲಿ ಕಂದು ರೋಮದ ಉಂಡೆಯಿತ್ತು, ಈಗ ಗೇಣುದ್ದದ ಕೊಳವೆ, ತುದಿಯಲ್ಲಿ ಮೊಗ್ಗು. ರಾತ್ರಿ ಅರಳಿದರೆ ನಾಳೆ ಸಂಜೆ ನಾನು ಬರುವಷ್ಟರಲ್ಲಿ ಜೋತುಬಿದ್ದಿರುತ್ತೆ.

"ಬ್ರಹ್ಮಕಮಲದ ಹಾಗೆಯೇ ಉಂಟಲ್ಲ," ಅಂದರು. ಊರಲ್ಲಿ ಬಾವಿಕಟ್ಟೆಯ ಹತ್ತಿರ ಇತ್ತಂತೆ. ಹುರುಪಿನಲ್ಲಿ ಹೇಳಿಬಿಟ್ಟೆ, ಮನೆಗಳಲ್ಲಿ ಬೆಳೆಸುವ ಆ ಬ್ರಹ್ಮಕಮಲವೂ ಕಳ್ಳಿ ಜಾತಿಯದ್ದೇ, ಮೆಕ್ಸಿಕೋ ಕಡೆಯ ಕಾಡಿನಲ್ಲಿ ಮರದ ಮೇಲೆ ಬೆಳೆಯುತ್ತೆ, ಅದಕ್ಕೆ ತೇವ ಬೇಕು ಅಂತ.

"ಹಾಗಾದ್ರೆ ನೀರು ಕುಡಿಯುವ ಕಳ್ಳಿಯೂ ಉಂಟು!"

ತಪ್ಪು ನನ್ನದೇ.

ಹತ್ತೂವರೆ. ಮೊಗ್ಗಿನ ತುದಿ ಸಡಿಲವಾಗಿ ಒಳಗಿನ ಬಿಳಿ ಕಾಣುತ್ತಿದೆ. ಮಾವ ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದಾರೆ. ಪಕ್ಕದಲ್ಲಿ ಒಂದು ಲೋಟ ನೀರು. ರಾತ್ರಿ ಮಾತ್ರೆಗೆ ಇರಬೇಕು. ಆದರೆ ಮಾತ್ರೆ ಆಗಲೇ ತಗೊಂಡಾಗಿತ್ತಲ್ಲ...