ಮೈಸೂರಿನ ಎರಡು ಸರ್ವೆ, ಇಳಿಯದ ಒಂದು ಸಂಖ್ಯೆ

ಲೈಂಗಿಕ ಸೋಂಕುಗಳ ಅಂಕಿಅಂಶವನ್ನು ಹೇಗೆ ಓದಬೇಕು ಅಂತ ಯಾರಾದರೂ ಕೇಳಿದರೆ ನಾನು ಮೈಸೂರಿನ ಲೆಕ್ಕ ತೋರಿಸುತ್ತೇನೆ. ಅಲ್ಲಿನ ಲೈಂಗಿಕ ಕಾರ್ಯಕರ್ತೆಯರ ನಡುವೆ 2004ರಲ್ಲಿ ಒಂದು ಸರ್ವೆ ಆಯಿತು, 2006ರಲ್ಲಿ ಇನ್ನೊಂದು. ಒಂದೊಂದರಲ್ಲೂ ನಾನೂರಕ್ಕೂ ಜಾಸ್ತಿ ಮಹಿಳೆಯರು. ಅಷ್ಟರಲ್ಲಿ ಸಿಫಿಲಿಸ್ ಶೇ 25ರಿಂದ 12ಕ್ಕೆ ಇಳಿದಿತ್ತು. ಟ್ರೈಕೊಮೊನಾಸ್ 33ರಿಂದ 14ಕ್ಕೆ, ಕ್ಲಮೀಡಿಯಾ 11ರಿಂದ 5ಕ್ಕೆ, ಗೊನೊರಿಯಾ 5ರಿಂದ 2ಕ್ಕೆ. ಎಚ್‌ಐವಿ ಮಾತ್ರ 26 ಇದ್ದದ್ದು 24.

ಹಾಗಾದರೆ ಎಚ್‌ಐವಿ ವಿಷಯದಲ್ಲಿ ಏನೂ ಆಗಲಿಲ್ಲವಾ? ಆಯಿತು. ಗೊನೊರಿಯಾ ಔಷಧಿಗೆ ವಾಸಿಯಾಗುತ್ತದೆ, ವಾಸಿಯಾದವರು ಮುಂದಿನ ಲೆಕ್ಕದಲ್ಲಿ ಬರುವುದಿಲ್ಲ. ಎಚ್‌ಐವಿ ಒಮ್ಮೆ ತಗುಲಿದರೆ ಜೀವನಪೂರ್ತಿ ಇರುತ್ತದೆ. ಹತ್ತು ವರ್ಷದ ಹಿಂದೆ ಸೋಂಕಾದವರೂ, ಹೋದ ತಿಂಗಳು ಆದವರೂ ಒಂದೇ ಸಂಖ್ಯೆಯೊಳಗೆ ಕೂತಿರುತ್ತಾರೆ. ಹೊಸ ಸೋಂಕು ಅರ್ಧಕ್ಕೆ ಇಳಿದರೂ ಒಟ್ಟು ಸಂಖ್ಯೆ ತಕ್ಷಣ ಅಲುಗಾಡುವುದಿಲ್ಲ, ಜನ ಚಿಕಿತ್ಸೆ ಪಡೆದು ಹೆಚ್ಚು ಕಾಲ ಬದುಕಿದರೆ ಏರಲೂಬಹುದು, ಅದು ಸಂತೋಷದ ಏರಿಕೆ. ನೋಡಬೇಕಾದದ್ದು ಹೊಸ ಸೋಂಕನ್ನು. ಇತ್ತೀಚಿನ ಸೋಂಕನ್ನು ಗುರುತಿಸುವ ಪರೀಕ್ಷೆ ಅಲ್ಲೂ ಇಳಿಕೆಯ ಸೂಚನೆಯನ್ನೇ ಕೊಟ್ಟಿತ್ತು.

ಇಳಿಸಿದ್ದು ಯಾರು? ಬಹುಪಾಲು ಆ ಮಹಿಳೆಯರೇ. ಮುಂದೆ ಆಶೋದಯ ಸಮಿತಿಯಾಗಿ ಬೆಳೆದ ಅವರ ಗುಂಪಿಗೆ ಬಂದು ಕೂರಲು, ಮಾತಾಡಲು ಒಂದು ಜಾಗವಿತ್ತು, ತಮ್ಮದೇ ಕ್ಲಿನಿಕ್ ಇತ್ತು. ಹೊಸಬರನ್ನು ಕರೆತರುತ್ತಿದ್ದವರೂ ಅವರೇ. ಕ್ಲಮೀಡಿಯಾ, ಗೊನೊರಿಯಾ ಎಷ್ಟೋ ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ನೋವಿಲ್ಲ, ಹುಣ್ಣಿಲ್ಲ, ಬಿಳಿಸೆರಗು ಕೂಡ ಇಲ್ಲದಿರಬಹುದು. ಏನೂ ತೊಂದರೆ ಇಲ್ಲದವಳು ತಪಾಸಣೆಗೆ ಬರಬೇಕು ಅಂದರೆ ಅಲ್ಲಿ ಯಾರೂ ಅವಳನ್ನು ಕೆಟ್ಟದಾಗಿ ನೋಡಬಾರದು, ಇಷ್ಟು ಸರಳ. ಪರಿಚಯದವರೊಬ್ಬರು ಒಂದು ಆಸ್ಪತ್ರೆಯಲ್ಲಿ ಎಲ್ಲರೆದುರು ‘ಏನು ಕೆಲಸ ಮಾಡ್ತೀಯಾ’ ಅಂತ ಗದರಿಸಿಕೊಂಡ ಮೇಲೆ ಮತ್ತೆ ಆ ಕಡೆ ಹೋಗಲೇ ಇಲ್ಲ. ಅಂಥವರು ಯಾವ ಸರ್ವೆಗೂ ಸಿಗುವುದಿಲ್ಲ, ನನಗೆ ತುಂಬಾ ಸಿಟ್ಟು ಬರುವುದು ಇದಕ್ಕೇ.

ಸರ್ವೆಯಲ್ಲಿ ಸಿಗುವ ಉತ್ತರಗಳಲ್ಲೂ ಹೀಗೇ. ಎದುರು ಕೂತು ಕಾಂಡೋಮ್ ಬಳಸಿದಿರಾ ಅಂತ ಕೇಳಿದರೆ ಹೆಚ್ಚಿನವರು ಹೌದು ಅಂದುಬಿಡುತ್ತಾರೆ. ಅದಕ್ಕೇ ಕರ್ನಾಟಕದಲ್ಲಿ ಮತಗಟ್ಟೆ ಮಾದರಿಯ ಸರ್ವೆ ನಡೆಸಿದರು. ಪರದೆಯ ಹಿಂದೆ ನಿಂತು, ಹೆಸರಿಲ್ಲದ ಚೀಟಿಯನ್ನು ಡಬ್ಬಿಗೆ ಹಾಕುವುದು. ಬಳಸಲಿಲ್ಲ ಅನ್ನುವ ಉತ್ತರ ಆಗ ಜಾಸ್ತಿ ಬಂತು.

ಈಗ ಗಿರಾಕಿಗಳು ಫೋನಿನಲ್ಲೇ ಸಿಗುತ್ತಾರೆ. ಈ ಮಹಿಳೆಯರನ್ನು ತಲುಪಲು ಬಸ್ ಸ್ಟ್ಯಾಂಡು, ಲಾಡ್ಜು ಸುತ್ತಿದರೆ ಸಾಕಾಗುವುದಿಲ್ಲ. ಹಾಗಾಗಿ ಅದೇ ಬದುಕಿನಿಂದ ಬಂದು, ಉಳಿದವರನ್ನು ಕ್ಲಿನಿಕ್‌ಗೆ ಕರೆತರುವ ಕಾರ್ಯಕರ್ತೆಯರಿಗೆ ಸರಿಯಾದ ಸಂಬಳ ಕೊಟ್ಟು ಉಳಿಸಿಕೊಳ್ಳುವುದು ಮೊದಲಿಗಿಂತ ಈಗ ಹೆಚ್ಚು ಅಗತ್ಯ. ಓದುವವರಲ್ಲಿ ಯಾರಿಗಾದರೂ ಬೇಕಿದ್ದರೆ, ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಉಚಿತ. ಎಚ್‌ಐವಿ ಬಗ್ಗೆ ಕೇಳಲು 1097ಕ್ಕೆ ಫೋನ್ ಮಾಡಬಹುದು, ದುಡ್ಡು ಹೋಗುವುದಿಲ್ಲ.