ಎಷ್ಟು ಪರ್ಸೆಂಟ್ ಆಫ್ ಅಂತಲ್ಲ, ಕೆಜಿಗೆ ಎಷ್ಟು ಅಂತ ಕೇಳಿ

ನಮ್ಮ ಮನೆಯಲ್ಲಿ ದಿನಸಿ, ತರಕಾರಿ ತರುವ ಕೆಲಸ ನನ್ನದು. ಹೆಂಡತಿ ಟೀಚರ್, ಅವಳಿಗೆ ಶನಿವಾರವೂ ಅರ್ಧ ದಿನ ಶಾಲೆ. ನನಗೆ ರಜೆ. ಹಾಗಾಗಿ ಚೀಲ ನನ್ನ ಹೆಗಲಿಗೆ ಬಂತು. ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು, ಒಟ್ಟು ಐದು ಜನ. ಮನೆ ಬೆಂಗಳೂರಿನ ವಿಜಯನಗರದಲ್ಲಿ. ಆಫೀಸಿನಲ್ಲಿ ಯಾರಾದರೂ "ಇವತ್ತು ಆ ಆ್ಯಪ್‌ನಲ್ಲಿ ಒಳ್ಳೆ ಕೂಪನ್ ಬಂದಿದೆ, ನೋಡಿದ್ರಾ?" ಅಂದರೆ ನಾನು ಕೇಳೋದು ಒಂದೇ: ತೊಗರಿಬೇಳೆ ಕೆಜಿಗೆ ಎಷ್ಟು ಬಿತ್ತು? ಯಾರಿಗೂ ಗೊತ್ತಿರಲ್ಲ. ಎಷ್ಟು ಪರ್ಸೆಂಟ್ ಆಫ್ ಅನ್ನೋದು ಮಾತ್ರ ಬಾಯಿಪಾಠ.

ಎಂಆರ್‌ಪಿ ಅಂದರೆ ಅದಕ್ಕಿಂತ ಜಾಸ್ತಿಗೆ ಮಾರಬಾರದು ಅನ್ನುವ ಗೆರೆ, ಅಷ್ಟೇ. ಆ ಗೆರೆ ಎಲ್ಲಿ ಎಳೆಯಬೇಕು ಅಂತ ತೀರ್ಮಾನ ಮಾಡೋದು ಪ್ಯಾಕೆಟ್ ಮಾಡಿದವರೇ. ಒಂದು ಕೆಜಿ ತೊಗರಿಬೇಳೆ ಪ್ಯಾಕೆಟ್ ಮೇಲೆ 240 ರೂಪಾಯಿ ಅಂತ ಬರೆದು 35 ಪರ್ಸೆಂಟ್ ಬಿಟ್ಟರೆ ಬೇಳೆ 156ಕ್ಕೆ ಸಿಗುತ್ತದೆ. ಆಫರ್‌ನ ಹಳದಿ ಚೀಟಿ ನೋಡಿ ಖುಷಿ ಆಗುತ್ತದೆ. ಅದೇ ವಾರ ನಮ್ಮ ಬೀದಿಯ ಶೆಟ್ರ ಅಂಗಡಿಯಲ್ಲಿ ಮೂಟೆಯಿಂದ ತೂಗಿ ಕೊಡುವ ಬೇಳೆ 140 ಇತ್ತು. ಅಲ್ಲಿ ಹಳದಿ ಚೀಟಿ ಇಲ್ಲ, ಆಫರ್ ಅನ್ನುವ ಮಾತೂ ಇಲ್ಲ. ಬೇಳೆ ಬೇಯೋದೂ ಚೆನ್ನಾಗಿ ಬೇಯುತ್ತದೆ, ಅಮ್ಮನ ಸರ್ಟಿಫಿಕೇಟ್ ಇದೆ.

ಅದಕ್ಕೇ ಒಂದು ಪುಟ್ಟ ಡೈರಿ ಇಟ್ಟಿದ್ದೇನೆ. ಅಕ್ಕಿ, ಬೇಳೆಗಳು, ಎಣ್ಣೆ, ರವೆ, ಗೋಧಿ ಹಿಟ್ಟು, ರಾಗಿ, ಬೆಲ್ಲ, ಕಾಫಿ ಪುಡಿ, ತುಪ್ಪ, ಬಟ್ಟೆ ಸೋಪಿನ ಪುಡಿ, ಹೀಗೆ ನಮ್ಮ ಮನೆಯಲ್ಲಿ ಪದೇ ಪದೇ ತರುವ ಸಾಮಾನು ಮಾತ್ರ ಅದರಲ್ಲಿದೆ. ಪ್ರತಿಯೊಂದರ ಮುಂದೆ ಇತ್ತೀಚೆಗೆ ಸಿಕ್ಕ ಅತಿ ಕಡಿಮೆ ರೇಟು, ಎಲ್ಲಿ ಸಿಕ್ಕಿತು ಅನ್ನೋದು. ಸಾಸ್, ನೂಡಲ್ಸ್, ಓಟ್ಸ್ ಎಲ್ಲ ಬರೆಯೋಕೆ ಹೋಗಿಲ್ಲ. ಎಲ್ಲಾ ಬರೆಯೋಕೆ ಹೊರಟರೆ ಎರಡನೇ ವಾರಕ್ಕೇ ಡೈರಿ ಮೂಲೆಗೆ ಬೀಳುತ್ತದೆ. ಅಂಗಡಿಯಲ್ಲಿ ಯಾವುದೇ ಆಫರ್ ಕಂಡರೂ ಡೈರಿ ತೆಗೆದು ನೋಡ್ತೇನೆ. ಅದರಲ್ಲಿರೋದಕ್ಕಿಂತ ಕಡಿಮೆ ಇದ್ದರೆ ಎರಡು ತಗೋತೇನೆ, ಇಲ್ಲಾಂದ್ರೆ ಮುಂದೆ ಹೋಗ್ತೇನೆ.

ಎಣ್ಣೆಯ ವಿಷಯ ಸ್ವಲ್ಪ ವಿವರವಾಗಿ ಹೇಳ್ತೇನೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಕದಲ್ಲಿ ಸುಮಾರು 910 ಗ್ರಾಂ ಬರುತ್ತದೆ. ಮುಂಚೆ ಎಣ್ಣೆ, ಬಿಸ್ಕತ್ತು, ಟೀ ಪುಡಿಯಂಥ ಪದಾರ್ಥಗಳನ್ನು ಇಂತಿಂಥ ಅಳತೆಯಲ್ಲೇ ಮಾರಬೇಕು ಅನ್ನುವ ನಿಯಮ ಇತ್ತು. 2022ರಲ್ಲಿ ಅದು ಹೋಯಿತು. ಈಗ ಒಂದು ಲೀಟರಿನ ಪ್ಯಾಕೆಟ್ ಪಕ್ಕದಲ್ಲೇ ನೋಡೋಕೆ ಹಾಗೇ ಇರುವ 750 ಗ್ರಾಂ, 800 ಗ್ರಾಂ ಪ್ಯಾಕೆಟ್ಟೂ ಕೂತಿರುತ್ತದೆ. ಮೊನ್ನೆ ಒಂದೇ ಶೆಲ್ಫಿನಲ್ಲಿ 910 ಗ್ರಾಂ 150 ರೂಪಾಯಿ, ಇನ್ನೊಂದು ಬ್ರ್ಯಾಂಡ್ 128 ರೂಪಾಯಿ "ಆಫರ್" ಇತ್ತು. ಎಲ್ಲರ ಕೈಯೂ 128ರ ಕಡೆಗೇ. ತಿರುಗಿಸಿ ನೋಡಿದರೆ 750 ಗ್ರಾಂ. ಕೆಜಿ ಲೆಕ್ಕದಲ್ಲಿ ಮೊದಲನೆಯದು ಸುಮಾರು 165 ಬೀಳುತ್ತದೆ, ಆಫರ್‌ನದು 171. ತಿಂಗಳಿಗೆ ನಾಲ್ಕೈದು ಪ್ಯಾಕೆಟ್ ಖಾಲಿ ಆಗುವ ಮನೆಗೆ ಇದು ದೊಡ್ಡ ಮೊತ್ತ ಅಲ್ಲ ನಿಜ. ಆದರೆ ಉಳಿಸಿದೆ ಅಂದುಕೊಂಡು ಜಾಸ್ತಿ ಕೊಡೋದು ಯಾಕೆ?

ಅಂದಹಾಗೆ, ಆ ಅಳತೆಯ ನಿಯಮ ತೆಗೆದಾಗಲೇ ಇನ್ನೊಂದನ್ನು ತಂದರು. ಪ್ಯಾಕೆಟ್ ಮೇಲೆ ಗ್ರಾಂಗೆ ಇಷ್ಟು, ಕೆಜಿಗೆ ಇಷ್ಟು ಅಂತ ಬೆಲೆ ಬರೆಯಬೇಕು. ಎಂಆರ್‌ಪಿ ಹತ್ತಿರವೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ. ಕನ್ನಡಕ ಬೇಕಾಗಬಹುದು. ಆದರೆ ಒಂದು ವಿಷಯ ನೆನಪಿಡಿ: ಅಲ್ಲಿರುವ ಲೆಕ್ಕ ಎಂಆರ್‌ಪಿ ಮೇಲಿನದು. ಅಂಗಡಿಯವರು ರಿಯಾಯಿತಿ ಕೊಟ್ಟಿದ್ದರೆ ಫೋನಿನಲ್ಲಿ ನೀವೇ ಭಾಗಾಕಾರ ಮಾಡಬೇಕು. ಡಿ-ಮಾರ್ಟ್‌ನಲ್ಲಿ ಭಾನುವಾರ ಸಂಜೆ ಆ ನೂಕುನುಗ್ಗಲಿನಲ್ಲಿ ನಿಂತು ಭಾಗಾಕಾರ ಮಾಡುವಾಗ ಹಿಂದಿನಿಂದ ಟ್ರಾಲಿ ಕಾಲಿಗೆ ತಗಲುತ್ತದೆ. ಆದ್ದರಿಂದ ನಾನು ಶನಿವಾರ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗ್ತೇನೆ.

ಅಕ್ಕಿ ಮೂಟೆ 25 ಕೆಜಿ ಇದ್ದದ್ದು 26 ಆಗಿದ್ದನ್ನು ಎಷ್ಟು ಜನ ಗಮನಿಸಿದ್ದೀರಿ? ಹೆಚ್ಚುವರಿ ಒಂದು ಕೆಜಿ ಉಚಿತ ಅಂತ ನಮ್ಮ ಪಕ್ಕದ ಮನೆಯವರು ಅಂದುಕೊಂಡಿದ್ದರು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆಲ್ಲ 5 ಪರ್ಸೆಂಟ್ ಜಿಎಸ್‌ಟಿ ಬಂತು, ಆದರೆ 25 ಕೆಜಿವರೆಗಿನ ಪ್ಯಾಕೆಟ್ಟಿಗೆ ಮಾತ್ರ. ಅದಕ್ಕಿಂತ ದೊಡ್ಡ ಮೂಟೆಗೂ ಇಲ್ಲ, ತೂಗಿ ಕೊಡುವ ಬಿಡಿ ಅಕ್ಕಿಗೂ ಇಲ್ಲ. ವ್ಯಾಪಾರಿಗಳು ಸುಮ್ನೆ ಕೂರ್ತಾರಾ? 26 ಕೆಜಿ ಮೂಟೆ ಹುಟ್ಟಿತು. ಹೀಗಾಗಿ ನಾವು ಐದು ಕೆಜಿ, ಹತ್ತು ಕೆಜಿ ಅಕ್ಕಿ ಪ್ಯಾಕೆಟ್ ತರೋದನ್ನು ಬಿಟ್ಟೆವು. ಎದುರುಮನೆಯವರೂ ನಾವೂ ಸೇರಿ ಯಶವಂತಪುರದ ಸಗಟು ಮಾರುಕಟ್ಟೆ ಯಾರ್ಡಿಗೆ ಹೋಗಿ ಹಳೇ ಸೋನಾ ಮಸೂರಿ ಎರಡು ಮೂಟೆ ತರ್ತೇವೆ, ಆಟೋ ಬಾಡಿಗೆ ಅರ್ಧರ್ಧ. ಮೂಟೆ ಬಿಚ್ಚಿದ ಮೇಲೆ ಅಮ್ಮ ಡ್ರಮ್ಮಿಗೆ ಸುರಿದು ನಡುನಡುವೆ ಒಣಗಿದ ಬೇವಿನ ಸೊಪ್ಪು ಹಾಕ್ತಾರೆ.

ಇನ್ನು ಆ್ಯಪ್‌ಗಳ ಕೂಪನ್. "999 ರೂಪಾಯಿ ಮೇಲೆ 100 ಆಫ್" ಅಂತ ಬರುತ್ತದೆ. ನಮ್ಮ ಪಟ್ಟಿ 840ಕ್ಕೆ ಮುಗಿದಿರುತ್ತದೆ. ಇನ್ನು 160 ತುಂಬಿಸಬೇಕು. ಆಗ ಪರದೆಯ ಕೆಳಗಡೆ ಚಿಪ್ಸು, ಜ್ಯೂಸು, ಚಾಕೊಲೇಟು ಸಾಲಾಗಿ ಬಂದು ನಿಲ್ಲುತ್ತವೆ. ಮಕ್ಕಳು ಭುಜದ ಮೇಲಿಂದ ಇಣುಕುತ್ತಾರೆ. ಅದನ್ನು ಸೇರಿಸಿ 1,000 ಮಾಡಿ, 100 ಕಳೆದು, 900 ಕೊಟ್ಟರೆ ಮನೆಗೆ ಬೇಕಾದ 840ರ ಸಾಮಾನಿಗೆ 60 ಜಾಸ್ತಿ ಹೋಯಿತು. ಅದರ ಮೇಲೆ ಹ್ಯಾಂಡ್ಲಿಂಗ್ ಚಾರ್ಜು ಬೇರೆ. ಆದರೆ ಆ 160ಕ್ಕೆ ಟೂತ್‌ಪೇಸ್ಟ್, ಪಾತ್ರೆ ತೊಳೆಯುವ ಸೋಪು, ಕಾಫಿ ಪುಡಿ ಹಾಕಿದರೆ ಲೆಕ್ಕ ತಿರುಗುತ್ತದೆ. ಅವು ಹೇಗೂ ಮುಂದಿನ ತಿಂಗಳು ಬೇಕು, ಕೆಡೋದಿಲ್ಲ. ಡೈರಿಯ ಕೊನೆ ಪುಟದಲ್ಲಿ ಇಂಥವುಗಳದ್ದೇ ಒಂದು ಪಟ್ಟಿ ಇದೆ. ಕೂಪನ್ ಬಂದಾಗ ಅದರಿಂದ ಮಾತ್ರ ತುಂಬಿಸೋದು. ಇನ್ನೊಂದು ತಮಾಷೆ ಏನೆಂದರೆ, ನನ್ನ ಫೋನಿಗೆ 50 ರೂಪಾಯಿ ಕೂಪನ್ ಬರುವ ದಿನ ಅಮ್ಮನ ಫೋನಿಗೆ 150ರದ್ದು ಬರುತ್ತದೆ. ಅವರು ಏನೂ ತರಿಸಲ್ಲ, ಅದಕ್ಕೇ ಕರೆಯೋದು ಜಾಸ್ತಿ. ದಿನಾ ಹೋಗುವವನಿಗೆ ಮರ್ಯಾದೆ ಕಡಿಮೆ ಅಲ್ವಾ? ಹಾಗಾಗಿ ದೊಡ್ಡ ಆರ್ಡರ್ ಇದ್ದಾಗ ನಮ್ಮ ಮನೆಯಲ್ಲಿ ಅಮ್ಮನೇ ಗಿರಾಕಿ.

ಕೂಪನ್ ಅಂದಾಗ ನಮ್ಮ ವಯಸ್ಸಿನವರಿಗೆ ನೆನಪಾಗೋದು ಸೊಡೆಕ್ಸೊ. ಸಂಬಳದ ಜೊತೆ ಚೆಕ್‌ಬುಕ್ ಥರದ ಕೂಪನ್ ಪುಸ್ತಕ ಕೊಡೋರು. ಆಫೀಸಿನಲ್ಲಿ ಊಟಕ್ಕೆ ಅಂತ ಕೊಟ್ಟದ್ದು, ಆದರೆ ನಾನು ಡಬ್ಬಿ ಕಟ್ಟಿಕೊಂಡು ಹೋಗಿ ಅದನ್ನು ಪೂರ್ತಿ ದಿನಸಿಗೇ ಹಾಕ್ತಿದ್ದೆ. ಒಂದು ಊಟಕ್ಕೆ 50 ರೂಪಾಯಿವರೆಗೆ ಆದಾಯ ತೆರಿಗೆ ಇರಲಿಲ್ಲ. ಅಂದರೆ ಯಾವ ಅಂಗಡಿಯವರೂ ಏನೂ ಬಿಡದೆ ನಮಗೆ ರಿಯಾಯಿತಿ ಸಿಕ್ಕ ಹಾಗೆ. ತೊಂದರೆ ಒಂದೇ, ಚಿಲ್ಲರೆ ವಾಪಸ್ ಕೊಡ್ತಿರಲಿಲ್ಲ. ಬಿಲ್ಲು 287 ಆದರೆ 13 ರೂಪಾಯಿಗೆ ಏನಾದರೂ ಹುಡುಕಬೇಕಿತ್ತು, ಸಾಮಾನ್ಯವಾಗಿ ಬಿಸ್ಕತ್ತು. ಆಮೇಲೆ ಕಾಗದ ಹೋಗಿ ಕಾರ್ಡ್ ಆಯಿತು, ಈಗ ಪ್ಲಕ್ಸಿ ಅಂತ ಹೆಸರೂ ಬದಲಾಗಿದೆ. ಹೊಸ ತೆರಿಗೆ ಪದ್ಧತಿ ಬಂದಾಗ ಅದಕ್ಕೆ ಹೋದವರಿಗೆ ಈ ಲಾಭ ಇಲ್ಲ ಅಂತಾಯಿತು, ನಮ್ಮ ಆಫೀಸಿನಲ್ಲಿ ಬಹಳ ಜನ ಕಾರ್ಡ್ ಬಿಟ್ಟರು. ನಾನು ಮನೆ ಸಾಲದ ತೆರಿಗೆ ವಿನಾಯಿತಿಯ ದೆಸೆಯಿಂದ ಹಳೇ ಪದ್ಧತಿಯಲ್ಲೇ ಉಳಿದೆ, ಕಾರ್ಡೂ ಉಳಿಯಿತು.

ಶೆಟ್ರ ಅಂಗಡಿಯಲ್ಲೂ ಆಫರ್ ಇರುತ್ತದೆ, ಆದರೆ ಬೋರ್ಡ್ ಹಾಕಲ್ಲ. ಸೋಪಿನ ಪುಡಿಗೆ ಬಕೆಟ್ಟು, ಟೀ ಪುಡಿಗೆ ಡಬ್ಬಿ ಅಂತ ಕಂಪನಿಯವರು ಕಳಿಸಿರ್ತಾರೆ. "ಶೆಟ್ರೇ, ಸ್ಕೀಮ್ ಏನಾದ್ರೂ ಇದೆಯಾ?" ಅಂತ ಕೇಳಿದರೆ ಕೌಂಟರ್ ಕೆಳಗಿಂದ ಬರುತ್ತದೆ. ಕೇಳದಿದ್ದರೆ ಕೆಳಗೇ ಇರುತ್ತದೆ. ಒಂದು ಕೊಂಡರೆ ಒಂದು ಉಚಿತ ಅನ್ನುವುದಕ್ಕೆ ಮಾತ್ರ ನಾನು ಸ್ವಲ್ಪ ಹಿಂಜರಿಯುತ್ತೇನೆ. ಮೊದಲು ತಾರೀಕು ನೋಡಬೇಕು. ರವೆ ಆದರೆ ತಂದ ದಿನವೇ ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿ ಡಬ್ಬಿಗೆ ತುಂಬಬೇಕು, ಇಲ್ಲಾಂದ್ರೆ ಉಚಿತದ ಪ್ಯಾಕೆಟ್ಟು ಹುಳದ ಪಾಲು. ಗೋಧಿ ಹಿಟ್ಟು ಬೇಸಿಗೆಯಲ್ಲಿ ಎರಡು ಪ್ಯಾಕೆಟ್ ತರಲೇಬಾರದು.

ತರಕಾರಿಗೆ ಕೂಪನ್ ಹಿಂದೆ ಹೋಗೋದು ದಂಡ. ನಾನು ಮೊದಲು ಹಾಪ್‌ಕಾಮ್ಸ್ ಅನ್ನುವ ಬೆಳೆಗಾರರ ಸಹಕಾರ ಸಂಘದ ಮಳಿಗೆಯ ರೇಟು ಬೋರ್ಡು ನೋಡ್ತೇನೆ. ಅಲ್ಲಿ ಚೌಕಾಸಿ ಇಲ್ಲ, ಆದ್ದರಿಂದ ಅವತ್ತಿನ ದರ ತಲೆಗೆ ಹತ್ತುತ್ತದೆ. ಆಮೇಲೆ ಮಾರ್ಕೆಟ್ಟಿಗೆ ಹೋದರೆ ಯಾರು ಜಾಸ್ತಿ ಹೇಳ್ತಿದ್ದಾರೆ ಅಂತ ಗೊತ್ತಾಗುತ್ತದೆ. ಸೊಪ್ಪು ಬೆಳಗ್ಗೆಯೇ ತರಬೇಕು. ಬದನೆಕಾಯಿ, ಸೀಮೆಬದನೆ, ಮೂಲಂಗಿ ರಾತ್ರಿ ಎಂಟರ ಮೇಲೆ ಗುಡ್ಡೆ ಲೆಕ್ಕದಲ್ಲಿ ಕೊಡ್ತಾರೆ, ತಳ್ಳುಗಾಡಿಯವರಿಗೂ ಮನೆಗೆ ಹೋಗುವ ಅವಸರ. ಜೊತೆಗೆ ಕೊಸರಾಗಿ ನಾಲ್ಕು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು. ಆ್ಯಪ್‌ನಲ್ಲಿ ಕರಿಬೇವಿಗೂ ಬಿಲ್ಲು. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ ನೂರು ದಾಟಿದಾಗ ಯಾವ ಕೂಪನ್ನೂ ಉಪಯೋಗಕ್ಕೆ ಬರಲಿಲ್ಲ, ಹುಣಸೆಹಣ್ಣು ಬಂತು. ತಿಂಗಳಾನುಗಟ್ಟಲೆ ನಮ್ಮ ಸಾರು ಹಾಗೇ ನಡೆಯಿತು.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿದಾಗ ಡೈರಿಯ ಕೆಲವು ರೇಟು ಹಳತಾದವು. ಸ್ನಾನದ ಸೋಪು, ಶ್ಯಾಂಪೂ, ಟೂತ್‌ಪೇಸ್ಟ್ 18ರಿಂದ 5 ಪರ್ಸೆಂಟ್‌ಗೆ ಬಂದವು, ತುಪ್ಪ ಬೆಣ್ಣೆ 12ರಿಂದ 5ಕ್ಕೆ. ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು 610 ಆಯಿತು. ನಾನು ದಸರಾ, ದೀಪಾವಳಿ ಎರಡಕ್ಕೂ ಸೇರಿಸಿ ಆಗಲೇ ತಂದಿಟ್ಟೆ. ನವೆಂಬರ್‌ನಲ್ಲಿ ಅದು 700 ಆದಾಗ ನಮ್ಮ ಮನೆಯಲ್ಲಿ ಇನ್ನೂ ಸೆಪ್ಟೆಂಬರ್ ತುಪ್ಪವೇ ಇತ್ತು. ಇದು ಜಾಣತನ ಅಲ್ಲ, ಅದೃಷ್ಟ. ಆದರೂ ಹೆಂಡತಿ ಮುಂದೆ ಜಾಣತನ ಅಂತಲೇ ಹೇಳಿದ್ದೇನೆ.

ನನ್ನ ಕೇಳಿದರೆ ವರ್ಷದ ದೊಡ್ಡ ಸೇಲು ನಡೆಯೋದು ಸಂಕ್ರಾಂತಿಯಿಂದ ಯುಗಾದಿವರೆಗೆ. ಕಲಬುರಗಿ ಕಡೆಯ ಹೊಸ ತೊಗರಿ ಡಿಸೆಂಬರ್, ಜನವರಿಯಲ್ಲಿ ಮಾರುಕಟ್ಟೆಗೆ ಬರುತ್ತದೆ, ಸ್ವಲ್ಪ ದಿನಕ್ಕೆ ಬೇಳೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ ರಾಶಿ ರಾಶಿ ಬರುತ್ತದೆ. ಹೊಸ ಹುಣಸೆಹಣ್ಣೂ ಆಗಲೇ. ಹಾವೇರಿಯಲ್ಲಿರುವ ಷಡ್ಡಕ ಮೆಣಸಿನಕಾಯಿ ಕಳಿಸ್ತಾನೆ. ತೊಟ್ಟು ತೆಗೆದು, ತಾರಸಿಯಲ್ಲಿ ಒಣಗಿಸಿ, ಮಿಲ್ಲಿಗೆ ಕೊಟ್ಟರೆ ವರ್ಷದ ಖಾರದ ಪುಡಿ, ಸಾರಿನ ಪುಡಿ ಆಯಿತು. 100 ಗ್ರಾಂ ಪ್ಯಾಕೆಟ್ಟಿನಲ್ಲಿ ಪುಡಿ ಕೊಳ್ಳುವವರು ಒಮ್ಮೆ ಅದರ ಕೆಜಿ ರೇಟು ಲೆಕ್ಕ ಹಾಕಿ ನೋಡಿ, ಸೀನು ಅಲ್ಲೇ ಬರುತ್ತದೆ.

ಕಷ್ಟ ಇರೋದು ಹುಣಸೆಹಣ್ಣಿನಲ್ಲಿ. ಬೀಜ ತೆಗೆಯದ ಹಣ್ಣು ತಂದರೆ ಅಗ್ಗ, ಆದರೆ ಬಿಡಿಸೋಕೆ ಕೈ ಬೇಕು. ಈ ಸಲ ಮಗನನ್ನು ಕೂರಿಸಿ, ಕೆಜಿಗೆ 20 ರೂಪಾಯಿ ಕೂಲಿ ಕೊಡ್ತೇನೆ ಅಂದೆ. ಅವನು ಎದ್ದು ಒಳಗೆ ಹೋಗಿ ಬಂದ. "ಅಜ್ಜಿ 30 ಕೊಡ್ತಾರಂತೆ," ಅಂದ.